ದುಪ್ಪಟಿಯ ಅಂಚಿನಲ್ಲಿ ನಾಲ್ಕು ಬೆರಳು

ಗೂಳೂರಿನ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ತಾತ, ಅಜ್ಜಿ ಕುಳಿತಿರುವ ದೊಡ್ಡ ಪಟವೊಂದು ಇದೆ. ಕರಿ ಕಟ್ಟು, ಗಾಜು, ಮೇಲೆ ಒಣಗಿದ ಹೂವಿನ ಹಾರ. ತಾತನ ತೊಡೆಯ ಮೇಲೆ ನಮ್ಮ ಚಿಕ್ಕಪ್ಪ, ಪಕ್ಕದಲ್ಲಿ ಕೈಕಟ್ಟಿ ನಿಂತ ನಮ್ಮಪ್ಪ. ಹಿಂದೆ ಬಿಳಿ ಪರದೆ. ನಾನು ಹುಟ್ಟಿದಾಗಿನಿಂದ ಅದನ್ನು ನೋಡಿಕೊಂಡೇ ಬೆಳೆದವನು. ಎಷ್ಟು ನೋಡಿದ್ದೇನೆಂದರೆ, ನೋಡುವುದನ್ನೇ ಬಿಟ್ಟಿದ್ದೆ.

ಹೋದ ಕಾರ್ತಿಕದಲ್ಲಿ ಅಜ್ಜಿಯ ಕಬ್ಬಿಣದ ಪೆಟ್ಟಿಗೆ ಖಾಲಿ ಮಾಡುವಾಗ ತಳದಲ್ಲಿ ಹಾಸಿದ್ದ ಪೇಪರಿನ ಅಡಿಯಿಂದ ಅದೇ ಪಟದ ಪುಟ್ಟ ಪ್ರತಿ ಸಿಕ್ಕಿತು. ಅಂಗೈಗಿಂತ ಚಿಕ್ಕದು, ಚೌಕಾಕಾರ. ಅದರಲ್ಲಿ ಗೋಡೆಯ ಪಟದಲ್ಲಿ ಇಲ್ಲದ ಎರಡು ಸಂಗತಿಗಳಿದ್ದವು. ಹಿಂದಿನ ಪರದೆ ಪರದೆಯಲ್ಲ, ಹೊದೆಯುವ ದುಪ್ಪಟಿ. ಅದರ ಬಲ ಅಂಚನ್ನು ಬಿಗಿಯಾಗಿ ಹಿಡಿದ ನಾಲ್ಕು ಬೆರಳುಗಳು ಕಾಣುತ್ತವೆ, ಬೆರಳುಗಳ ಒಡೆಯರು ಕಾಣುವುದಿಲ್ಲ. ಎಡಗಡೆ ಕೆಳಗೆ, ದುಪ್ಪಟಿ ನೆಲ ಮುಟ್ಟದೆ ನಿಂತಲ್ಲಿ, ಅರ್ಧ ಬೀಸುವ ಕಲ್ಲು ಮತ್ತು ಓಡಿಹೋಗುತ್ತಿರುವ ಕೋಳಿಯ ಬಾಲ.

ಇದು ಹೀಗಾಗಿರುವುದಕ್ಕೆ ಕಾರಣ ಸರಳ. ಆ ಕಾಲದ 120 ಅಳತೆಯ ರೋಲ್ ಫಿಲ್ಮಿನಲ್ಲಿ ಚೌಕಾಕಾರದ ಹನ್ನೆರಡು ಪಟ ಬರುತ್ತಿದ್ದವು. ಫಿಲ್ಮನ್ನು ನೇರವಾಗಿ ಕಾಗದದ ಮೇಲಿಟ್ಟು ಬೆಳಕು ಹಾಯಿಸಿದರೆ ನೆಗೆಟಿವ್ ಎಷ್ಟಿದೆಯೋ ಅಷ್ಟೇ ಗಾತ್ರದ ಪ್ರತಿ ಸಿಗುತ್ತದೆ. ಅದರಲ್ಲಿ ಕ್ಯಾಮೆರಾ ಕಂಡದ್ದೆಲ್ಲ ಇರುತ್ತದೆ. ಗೋಡೆಗೆ ಹಾಕುವ ಪಟಕ್ಕೆ ಮಾತ್ರ ಕತ್ತಲ ಕೋಣೆಯಲ್ಲಿ ಎನ್‌ಲಾರ್ಜರ್ ಇಟ್ಟು ದೊಡ್ಡದು ಮಾಡುತ್ತಿದ್ದರು. ಆಗ ಬೇಡದ್ದನ್ನು ಚೌಕಟ್ಟಿನ ಆಚೆ ಬಿಡುತ್ತಿದ್ದರು. ನಮ್ಮ ಮನೆಯ ಪಟದಲ್ಲಿ ಬೇಡವಾದದ್ದು ಆ ಬೆರಳು, ಬೀಸುವ ಕಲ್ಲು, ಕೋಳಿ. ಅಂದರೆ, ಆ ಮನೆಯ ದಿನನಿತ್ಯ.

ನಾನು ಈ ಲೇಖನ ಬರೆಯಲು ಕೂತದ್ದೇ ಇದಕ್ಕೆ. ಸಾಮಾನ್ಯ ಜನ ಹಳೆಯ ಫೋಟೊಗಳಲ್ಲಿ ಇದ್ದಾರೆ, ಆದರೆ ಅವರ ಸಾಮಾನ್ಯ ದಿನ ಅಲ್ಲಿಲ್ಲ. ಪಟ ತೆಗೆಸುವುದೆಂದರೆ ಸ್ನಾನ ಮಾಡಿ, ಮಡಿಸಿಟ್ಟ ಸೀರೆ ಬಿಚ್ಚಿ, ತಲೆಗೆ ಎಣ್ಣೆ ಹಚ್ಚಿ, ಕೂತು, ಉಸಿರು ಬಿಗಿಹಿಡಿಯುವ ಕೆಲಸ. ದಿನದ ಬದುಕನ್ನು ಮರೆಮಾಡಲೆಂದೇ ದುಪ್ಪಟಿ ಕಟ್ಟುತ್ತಿದ್ದರು. ಅದು ಅಂಚಿನಿಂದ ತಾನಾಗಿ ನುಸುಳಿ ಬಂದರೆ ಬಂತು.

ಗೂಳೂರು ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಆರೇಳು ಕಿಲೋಮೀಟರ್. ಹೋಬಳಿ ಕೇಂದ್ರ. ಹೊರಗಿನವರಿಗೆ ಈ ಊರು ಗೊತ್ತಿರುವುದು ಗಣಪನಿಂದ. ನಾಡಿನ ಬೇರೆಡೆ ಭಾದ್ರಪದದ ಚೌತಿಯಲ್ಲಿ ಗಣಪತಿ ಕೂರಿಸಿದರೆ, ನಮ್ಮಲ್ಲಿ ಅಂದು ಕೆರೆಯ ಮಣ್ಣು ತಂದು ಪೂಜೆ ಮಾಡಿ ವಿಗ್ರಹದ ಕೆಲಸಕ್ಕೆ ಕೈ ಹಚ್ಚುತ್ತಾರೆ. ಸುಮಾರು ಹನ್ನೆರಡು ಅಡಿಯ ಮಣ್ಣಿನ ಮೂರ್ತಿ ದೀಪಾವಳಿಯ ಹೊತ್ತಿಗೆ ಸಿದ್ಧವಾಗುತ್ತದೆ. ಬಲಿಪಾಡ್ಯಮಿಯಂದು ಪ್ರತಿಷ್ಠಾಪನೆ. ಕಾರ್ತಿಕ ಮಾಸವೆಲ್ಲ ಪೂಜೆ. ಆಮೇಲೆ ಮೆರವಣಿಗೆ, ಬಾಣಬಿರುಸು, ಕೆರೆಯಲ್ಲಿ ವಿಸರ್ಜನೆ. ಹದಿನೆಂಟು ಕೋಮಿನವರು ಸೇರಿ ನಡೆಸುವ ಹಬ್ಬ ಇದು. ಗುಬ್ಬಿಗೆ ಕೊಟ್ಟ ಮಗಳು, ಕುಣಿಗಲ್ಲಿನ ಬೀಗರು, ಬೆಂಗಳೂರಿನ ಕಾರ್ಖಾನೆ ಸೇರಿದ ತಮ್ಮ, ಎಲ್ಲರೂ ಊರಿಗೆ ಬರುವ ದಿನಗಳು ಇವು. ಆದ್ದರಿಂದ ಪಟ ತೆಗೆಸಲೂ ಇವೇ ದಿನಗಳು. ಹಿಂದೆ ತುಮಕೂರಿನಿಂದ ಫೋಟೊ ತೆಗೆಯುವವರು ಸೈಕಲ್ಲಿನಲ್ಲಿ ಬರುತ್ತಿದ್ದರು, ಮನೆ ಮನೆಯ ಅಂಗಳದಲ್ಲಿ ದುಪ್ಪಟಿ ಏಳುತ್ತಿತ್ತು.

ಊರಿನಲ್ಲಿ ಕರೆಂಟು ಎಲ್ಲ ಕಡೆ ಇರಲಿಲ್ಲ, ಮನೆಯೊಳಗೆ ಬೆಳಕು ಸಾಲದು. ಅಂಗಳದ ಬಿಸಿಲು ಮುಖಕ್ಕೆ ನೇರ ಬಿದ್ದರೆ ಕಣ್ಣು ಕಿರಿದಾಗುತ್ತದೆ. ಬೆಳಗಿನ ಎಳೆ ಬಿಸಿಲು, ಇಲ್ಲವೆ ಗೋಡೆಯ ನೆರಳು ಹುಡುಕುತ್ತಿದ್ದರು. ಕುರ್ಚಿಗಳನ್ನು ಯಾರದೋ ಮನೆಯಿಂದ ತರುತ್ತಿದ್ದರು. ನಮ್ಮ ಪಟದಲ್ಲಿ ತಾತನ ಕೈಗಡಿಯಾರ ನೋಡಿ, ನಮ್ಮ ತಾತನಿಗೆ ವಾಚು ಎಲ್ಲಿಂದ ಬಂತು ಅಂತ ಬಹಳ ದಿನ ಯೋಚಿಸಿದ್ದೆ. ಆ ಪೆಟ್ಟಿಗೆಯಲ್ಲೇ ಸಿಕ್ಕ ಇನ್ನೊಂದು ಪುಟ್ಟ ಪಟದಲ್ಲಿ, ಅದೇ ದುಪ್ಪಟಿಯ ಮುಂದೆ, ಅದೇ ವಾಚು ಪಕ್ಕದ ಮನೆಯವರ ಮುಂಗೈಯಲ್ಲಿದೆ. ಅದು ಯಾರದಾಗಿತ್ತೋ, ಆ ದಿನ ಇಡೀ ಕೇರಿಯ ಕೈಗಳಲ್ಲಿ ಸುತ್ತಿದೆ. ಅಜ್ಜಿಯ ಪಾದ ಮಾತ್ರ ಎರವಲಲ್ಲ. ಬರಿಗಾಲು, ಹಿಮ್ಮಡಿಯಲ್ಲಿ ಬಿರುಕು, ಕಾಲುಂಗುರ. ಸೀರೆಯ ನೆರಿಗೆ ಎಷ್ಟು ಇಳಿಬಿಟ್ಟರೂ ಗದ್ದೆ ತುಳಿದ ಪಾದ ಮುಚ್ಚಿಲ್ಲ. ಹಳೆಯ ಫೋಟೊ ಕೈಗೆ ಸಿಕ್ಕರೆ ನಾನೀಗ ಮೊದಲು ಮುಖ ನೋಡುವುದಿಲ್ಲ, ಪಾದ ನೋಡುತ್ತೇನೆ.

ಯಾಕೆ ಅವರೆಲ್ಲ ನಗುವುದಿಲ್ಲ? ಈ ಪ್ರಶ್ನೆಯನ್ನು ಮಕ್ಕಳು ಕೇಳುತ್ತಾರೆ. ಆಗಿನ ಕ್ಯಾಮೆರಾದ ಮುಂದೆ ಬಹಳ ಹೊತ್ತು ಅಲುಗದೆ ಕೂರಬೇಕಿತ್ತು, ಅದಕ್ಕೇ ಎಂಬ ಉತ್ತರ ಎಲ್ಲರ ಬಾಯಲ್ಲಿದೆ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಗೆರೋಟೈಪ್ ಎಂಬ ಹೊಸ ವಿದ್ಯೆಯನ್ನು ಲೋಕಕ್ಕೆ ಸಾರಿದ ಕಾಲಕ್ಕೆ ಈ ಮಾತು ಸರಿ. ಆದರೆ ನಮ್ಮ ಊರಿಗೆ ಕ್ಯಾಮೆರಾ ಬರುವ ಹೊತ್ತಿಗೆ ಸೆಕೆಂಡಿನ ಸಣ್ಣ ಪಾಲಿನಲ್ಲಿ ಪಟ ಬೀಳುತ್ತಿತ್ತು, ನಗುವುದಕ್ಕೆ ಬೇಕಾದಷ್ಟು ಅವಕಾಶವಿತ್ತು. ಅವರು ನಗದೇ ಇದ್ದದ್ದು ಮರ್ಯಾದೆಗೆ. ಬದುಕಿನಲ್ಲಿ ಒಂದೋ ಎರಡೋ ಸಲ ತೆಗೆಸುವ ಪಟವದು. ತಾವು ಸತ್ತ ಮೇಲೆ ಮೊಮ್ಮಕ್ಕಳು ನೋಡುವ ಮುಖ ಹೇಗಿರಬೇಕೆಂದು ಅವರಿಗೆ ಗೊತ್ತಿತ್ತು. ದೇವರ ಮುಂದೆ, ಪಂಚಾಯಿತಿಯ ಮುಂದೆ ನಿಲ್ಲುವ ಹಾಗೆ ಕ್ಯಾಮೆರಾದ ಮುಂದೆ ನಿಂತರು. ಪಟ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಹೆದರಿಕೆಯೂ ಬಹಳ ಜನರಲ್ಲಿತ್ತು. ಆ ಹೆದರಿಕೆಯನ್ನು ಮೀರಿ ಕೂತವರ ಮುಖದಲ್ಲಿ ಬಿಗುವು ಇರುವುದು ಸಹಜ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿದ್ದರು. ತಮ್ಮ ಪುಸ್ತಕದಲ್ಲಿ ಅದನ್ನು ರಾಂಪುರ ಎಂದು ಕರೆದರು. ಅವರ ಕೈಯ ಕ್ಯಾಮೆರಾವನ್ನು ಆ ಊರಿನವರು ಚಾಮರ ಮಾಡಿಕೊಂಡಿದ್ದರಂತೆ, ಶ್ರೀನಿವಾಸ್ ಚಾಮರದವರಾದರು. ಕೇಳದ ಇಂಗ್ಲಿಷ್ ಪದಕ್ಕೆ ದೇವರಿಗೆ ಬೀಸುವ ಚಾಮರದ ಹೆಸರು ಬಂತು. ನನಗೆ ಇದು ತಪ್ಪು ಉಚ್ಚಾರಣೆ ಅನ್ನಿಸುವುದಿಲ್ಲ. ಕ್ಯಾಮೆರಾದ ಮುಂದೆ ಕೂರುವುದು ಆ ಊರಿನವರಿಗೆ ಚಾಮರ ಬೀಸಿಸಿಕೊಳ್ಳುವಷ್ಟೇ ದೊಡ್ಡ ಸಂಗತಿಯಾಗಿತ್ತು.

ಗೂಳೂರಿನ ಹಬ್ಬಕ್ಕೆ ಇನ್ನೊಂದು ಗುಣವಿದೆ, ಹಳೆಯ ಫೋಟೊ ಓದುವವರಿಗೆ ಅದು ವರ. ಮೂರ್ತಿ ಪ್ರತಿ ವರ್ಷ ಹೊಸದು, ಆದರೂ ಅದೇ ಮೂರ್ತಿ. ಅದೇ ಕೆರೆಯ ಮಣ್ಣು, ಅದೇ ಎತ್ತರ, ಅದೇ ಕೂರುವ ಭಂಗಿ. ಬೇರೆ ಬೇರೆ ದಶಕಗಳ ಹಬ್ಬದ ಪಟಗಳನ್ನು ಸಾಲಾಗಿ ಹರಡಿದರೆ ದೇವರಲ್ಲಿ ವರ್ಷ ಗೊತ್ತಾಗುವುದಿಲ್ಲ, ಜನರಲ್ಲಿ ಗೊತ್ತಾಗುತ್ತದೆ. ಒಂದರಲ್ಲಿ ಗಂಡಸರೆಲ್ಲರ ತಲೆಯ ಮೇಲೆ ರುಮಾಲು, ಹೆಗಲ ಮೇಲೆ ಕಂಬಳಿ. ಮುಂದಿನದರಲ್ಲಿ ರುಮಾಲು ಮುದುಕರಿಗೆ ಮಾತ್ರ ಉಳಿದಿದೆ, ಹುಡುಗರ ತಲೆ ಬರಿದಾಗಿ ಎಣ್ಣೆಯಿಂದ ಹೊಳೆಯುತ್ತಿದೆ. ಒಬ್ಬನ ಕಂಕುಳಲ್ಲಿ ಟ್ರಾನ್ಸಿಸ್ಟರ್, ಮಗುವನ್ನು ಎತ್ತಿಕೊಂಡ ಹಾಗೆ. ಇನ್ನೊಂದರಲ್ಲಿ ಅಂಗಿಯ ಕಾಲರು ನಾಯಿಯ ಕಿವಿಯಷ್ಟು ಉದ್ದ, ಪ್ಯಾಂಟಿನ ಬುಡ ಅಗಲ. ಆಮೇಲಿನದು ಬಣ್ಣದ್ದು, ಆದರೆ ಅದರಲ್ಲಿ ಊರೆಲ್ಲ ಕೆಂಪಾಗಿದೆ.

ಆ ಕೆಂಪಿನ ಕಾರಣ ಹೇಳಿಬಿಡುತ್ತೇನೆ. ಕಪ್ಪು ಬಿಳುಪಿನ ಪಟದಲ್ಲಿ ಚಿತ್ರವಾಗಿ ನಿಂತಿರುವುದು ಬೆಳ್ಳಿಯ ಕಣ. ಸರಿಯಾಗಿ ತೊಳೆದಿದ್ದರೆ ಅದು ನೂರು ವರ್ಷ ಬಾಳುತ್ತದೆ. ಬಣ್ಣದ ಪಟದಲ್ಲಿರುವುದು ಬೆಳ್ಳಿಯಲ್ಲ, ಮೂರು ಬಣ್ಣಗಳ ರಾಸಾಯನಿಕ. ಎಪ್ಪತ್ತು, ಎಂಬತ್ತರ ದಶಕದ ಪ್ರಿಂಟುಗಳಲ್ಲಿ ನೀಲಿ ಹಸಿರಿನ ಛಾಯೆ ಮೊದಲು ಸಾಯುತ್ತಿತ್ತು. ಪಟವನ್ನು ಪೆಟ್ಟಿಗೆಯ ಕತ್ತಲಲ್ಲಿಟ್ಟರೂ ಅದು ಬಿಡುತ್ತಿರಲಿಲ್ಲ. ಹೀಗೆ ತಾತನ ಪಟ ಇಂದಿಗೂ ಗಟ್ಟಿಯಾಗಿದೆ, ನನ್ನ ನಾಮಕರಣದ ಪಟ ಕಣ್ಣೆದುರೇ ಕರಗುತ್ತಿದೆ. ಮೊದಲು ಸ್ಕ್ಯಾನ್ ಮಾಡಿಸಬೇಕಾದದ್ದು ಅತಿ ಹಳೆಯದನ್ನಲ್ಲ, ಈ ನಡುಗಾಲದ ಬಣ್ಣದವನ್ನು. ಕಪ್ಪು ಬಿಳುಪಿನಲ್ಲೂ ಕೆಲವು ಹಳದಿ ಕಲೆ ಬಿದ್ದಿರುತ್ತವೆ. ಪಟವನ್ನು ನಿಲ್ಲಿಸುವ ಹೈಪೊ ದ್ರಾವಣವನ್ನು ಸಾಕಷ್ಟು ನೀರಿನಲ್ಲಿ ತೊಳೆದು ತೆಗೆಯದೆ ಹೋದರೆ ಹೀಗಾಗುತ್ತದೆ. ನೀರು ಸೇದಿ ತರಬೇಕಾದ ಕಾಲದಲ್ಲಿ ಇದು ಅಚ್ಚರಿಯಲ್ಲ.

ನಮ್ಮ ಪುಟ್ಟ ಪಟದ ವರ್ಷ ಹುಡುಕಿದ್ದು ಹೀಗೆ. ಹಿಂಬದಿಯಲ್ಲಿ ತುಮಕೂರಿನ ಸ್ಟುಡಿಯೊ ಒಂದರ ನೇರಳೆ ಮುದ್ರೆ, ಅದರಲ್ಲಿ ಮೈಸೂರು ರಾಜ್ಯ ಎಂಬ ಅಕ್ಷರ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಆದ್ದರಿಂದ ಅದಕ್ಕೂ ಹಿಂದಿನದು. ಪ್ರಿಂಟಿನ ಅಂಚು ಹರಿದ ಕಾಗದದ ಹಾಗೆ ಅಲೆಅಲೆಯಾಗಿದೆ. ಇದು ಐವತ್ತು, ಅರವತ್ತರ ದಶಕದಲ್ಲಿ ಬಹಳ ಕಾಣುತ್ತಿದ್ದ ಅಂಚು. ತಾತನ ತೊಡೆಯ ಮೇಲಿನ ಚಿಕ್ಕಪ್ಪ ಶಾಲೆಯ ದಾಖಲೆಯ ಪ್ರಕಾರ ಹುಟ್ಟಿದ್ದು 1957ರಲ್ಲಿ. ಮೇಷ್ಟ್ರು ಅಂದಾಜಿಗೆ ಬರೆದ ವರ್ಷವೇ ಇರಬಹುದು, ಆದರೂ ಒಂದೆರಡು ವರ್ಷಕ್ಕಿಂತ ಹೆಚ್ಚು ತಪ್ಪಿರಲಾರದು. ಮಗು ಕೂರುತ್ತದೆ, ನಿಲ್ಲುವಂತಿಲ್ಲ. 1958ರ ಕಾರ್ತಿಕ ಎಂದು ಪೆನ್ಸಿಲಿನಲ್ಲಿ ಬರೆದು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ಬಾಲ್‌ಪೆನ್ನಿನಿಂದ ಬರೆದರೆ ಒತ್ತು ಮುಂಬದಿಗೆ ಮೂಡುತ್ತದೆ, ಶಾಯಿ ಹರಡುತ್ತದೆ.

ತುಮಕೂರಿಗೆ ಹೋಗಿ ಸ್ಟುಡಿಯೊದಲ್ಲೇ ತೆಗೆಸಿದ ಪಟಗಳ ಲೋಕ ಬೇರೆ. ಅಲ್ಲಿ ದುಪ್ಪಟಿಯ ಬದಲು ಬಣ್ಣ ಬಳಿದ ಪರದೆ. ಅರಮನೆಯ ಮೆಟ್ಟಿಲು, ಕಾರಂಜಿ, ಹಂಸ ತೇಲುವ ಕೊಳ. ನಮ್ಮ ಸೀಮೆಯವರಿಗೆ ಈ ಅರಮನೆ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ತಲೆಮಾರುಗಳ ಕಾಲ ಇಂಥ ಪರದೆಗಳನ್ನು ಊರೂರಿಗೆ ಹೊತ್ತಿತ್ತು. ರಾತ್ರಿಯೆಲ್ಲ ಆ ಪರದೆಯ ಮುಂದೆ ರಾಜರಾಣಿಯರನ್ನು ನೋಡಿದ ರೈತ ದಂಪತಿ, ಸ್ಟುಡಿಯೊದ ಪರದೆಯ ಮುಂದೆ ತಾವೇ ಹೋಗಿ ಕೂತರು. ಕೋಟು, ಟೈ, ಬಾಚಣಿಗೆ, ಪೌಡರು ಎಲ್ಲ ಅಲ್ಲೇ ಸಿಗುತ್ತಿತ್ತು. ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹೆಣೆದ ದಿನ ಸ್ಟುಡಿಯೊಗೆ ಕರೆದೊಯ್ದು, ಹಿಂದೆ ದೊಡ್ಡ ಕನ್ನಡಿ ಇಟ್ಟು ತೆಗೆಸುತ್ತಿದ್ದರು. ಮುಖ ಕ್ಯಾಮೆರಾ ಕಡೆಗೆ, ಜಡೆ ಕನ್ನಡಿಯಲ್ಲಿ. ಆ ಜಡೆ ಹೆಣೆಯಲು ಅಮ್ಮನೋ ಪಕ್ಕದ ಮನೆಯಾಕೆಯೋ ಅರ್ಧ ದಿನ ಕೂತಿರುತ್ತಿದ್ದರು. ಹೂವು ಸಂಜೆಗೆ ಬಾಡುತ್ತಿತ್ತು, ಕನ್ನಡಿಯಲ್ಲಿ ಇಂದಿಗೂ ಬಾಡಿಲ್ಲ.

ನನಗೆ ಅತ್ಯಂತ ಪ್ರಿಯವಾದವು ಶಾಲೆಯ ಗ್ರೂಪ್ ಫೋಟೊಗಳು. ನಡುವೆ ಕುರ್ಚಿಯಲ್ಲಿ ಮೇಷ್ಟ್ರುಗಳು, ಕಚ್ಚೆಪಂಚೆ, ಕೋಟು, ತಲೆಗೆ ಪೇಟ ಅಥವಾ ಟೋಪಿ. ಹಿಂದೆ ಬೆಂಚಿನ ಮೇಲೆ ನಿಂತ ಹುಡುಗರು, ಮುಂದೆ ನೆಲದಲ್ಲಿ ಚಕ್ಕಂಬಟ್ಟಲು ಹಾಕಿದವರು. ಮುಂದಿನ ಸಾಲಿನ ಹುಡುಗನ ಕೈಯ ಸ್ಲೇಟಿನಲ್ಲಿ ಊರು, ತರಗತಿ, ಇಸವಿ. ಒಂದು ಊರಿನ ಚರಿತ್ರೆ ಬರೆಯಲು ಇಂಥ ಹತ್ತು ಪಟ ಸಾಕು ಅನ್ನಿಸುತ್ತದೆ. ಚಪ್ಪಲಿ ಹಾಕಿದ ಪಾದ ಎಣಿಸಿ. ಹೆಣ್ಣುಮಕ್ಕಳ ತಲೆ ಎಣಿಸಿ. ಒಂದನೇ ತರಗತಿಯ ಪಟದಲ್ಲಿದ್ದ ಎಷ್ಟು ಹುಡುಗಿಯರು ಏಳನೇ ತರಗತಿಯ ಪಟದಲ್ಲಿ ಉಳಿದಿದ್ದಾರೆ ನೋಡಿ. ಗುಂಡಿ ಇಲ್ಲದ ಅಂಗಿಯನ್ನು ಎರಡು ಕೈಯಿಂದ ಮುಚ್ಚಿಕೊಂಡು ನಿಂತ ಹುಡುಗ ಪ್ರತಿ ಪಟದಲ್ಲೂ ಒಬ್ಬನಾದರೂ ಇರುತ್ತಾನೆ. ಪಟಕ್ಕೆ ದುಡ್ಡು ತರಲಾಗದೆ ಅಂದು ಶಾಲೆಗೇ ಬಾರದ ಮಕ್ಕಳೂ ಇದ್ದರು. ಅವರನ್ನು ಎಣಿಸಲು ಹಾಜರಿ ಪುಸ್ತಕ ಬೇಕು.

ಹೆಸರಿನ ವಿಚಾರಕ್ಕೆ ಬರುತ್ತೇನೆ. ಇಂಗ್ಲಿಷರ ಸರ್ಕಾರ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಭಾರತದ ಜನರ ಫೋಟೊ ಪುಸ್ತಕ ಹೊರತಂದಿತು. ಅಲ್ಲಿ ಹೆಚ್ಚಿನ ಪಟಗಳ ಕೆಳಗೆ ಜಾತಿ, ಬುಡಕಟ್ಟು ಬರೆದಿದೆ, ಮನುಷ್ಯನ ಹೆಸರಿಲ್ಲ. ಹಳೆಯ ದೇವಾಲಯಗಳ ಚಿತ್ರಗಳಲ್ಲೂ ಹಾಗೆ. ಕಟ್ಟಡದ ಎತ್ತರ ಗೊತ್ತಾಗಲೆಂದು ಕಂಬದ ಪಕ್ಕ ಯಾರನ್ನೋ ನಿಲ್ಲಿಸುತ್ತಿದ್ದರು. ಅವರು ಅಳತೆಗೋಲು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ನಮ್ಮ ಪಕ್ಕದಲ್ಲೇ ಇದೆ. ಪಂದ್ಯದ ಕುದುರೆಗಳ ಫೋಟೊಗಳಲ್ಲಿ ಸಾಮಾನ್ಯವಾಗಿ ಕುದುರೆಯ ಹೆಸರಿರುತ್ತದೆ, ಒಡೆಯನ ಹೆಸರಿರುತ್ತದೆ, ಲಗಾಮು ಹಿಡಿದು ಪಕ್ಕದಲ್ಲಿ ನಿಂತವನ ಹೆಸರಿರುವುದಿಲ್ಲ. ನಮ್ಮ ಮನೆಯ ಪಟಗಳಿಗೆ ಕೆಳಗೆ ಯಾವ ಬರಹವೂ ಇಲ್ಲ, ಆದರೆ ಅದರಲ್ಲಿರುವ ಎಲ್ಲರ ಹೆಸರು ಹೇಳಬಲ್ಲ ಒಬ್ಬ ಮುದುಕಿಯಾದರೂ ಇದ್ದಾರೆ. ಆಕೆ ಇರುವ ತನಕ ಅದು ಮನೆಯ ಪಟ. ಆಮೇಲೆ ಅದೂ ಯಾರೋ ರುಮಾಲಿನವರು, ಯಾರೋ ಸೀರೆಯವರು.

ಸಾಮಾನ್ಯರ ಸಾಮಾನ್ಯ ದಿನವನ್ನು ಹುಡುಕಿಕೊಂಡು ಹೋದ ಕ್ಯಾಮೆರಾಗಳೂ ಇದ್ದವು. ಮೈಸೂರಿನ ಟಿ.ಎಸ್. ಸತ್ಯನ್ ಹಾಗೆ ಅಲೆದವರು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ದೊಡ್ಡವರನ್ನೂ ಚಿತ್ರಿಸಿದರು, ಆದರೆ ಅವರ ಜೀವ ಇದ್ದದ್ದು ಬೀದಿಯ ಮಕ್ಕಳಲ್ಲಿ, ದುಡಿಯುವ ಹೆಂಗಸರಲ್ಲಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ದುಪ್ಪಟಿ ಇಲ್ಲ. ಗೂಳೂರಿನಂಥ ಸಾವಿರ ಊರುಗಳಿಗೆ ಸತ್ಯನ್ ಒಬ್ಬರೇ ಬರಲಾಗುತ್ತಿರಲಿಲ್ಲ, ನಮಗೆ ದುಪ್ಪಟಿಯೇ ಗತಿ.

ಪಟವೇ ಇಲ್ಲದ ಮನೆಗಳ ಮಾತು ಬಿಡುವಂತಿಲ್ಲ. ಕೂಲಿಯಲ್ಲಿ ಬದುಕಿದ ಮನೆಗಳಲ್ಲಿ, ಊರ ಹೊರಗಿಟ್ಟ ಕೇರಿಗಳಲ್ಲಿ ಎಷ್ಟೋ ಜನ ಮುಖದ ಗುರುತೂ ಉಳಿಯದೆ ಹೋದರು. ಸತ್ತ ಮೇಲೆ ಮಾತ್ರ ಪಟ ತೆಗೆಸಿದ್ದೂ ಉಂಟು. ನಮ್ಮ ಕಡೆ ತೀರಿಕೊಂಡವರನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೂವು ಹಾಕುತ್ತಾರೆ. ಆಗ ಸುತ್ತ ಮಕ್ಕಳು ನಿಂತು ತೆಗೆಸಿದ ಪಟವೇ ಆ ಮನುಷ್ಯನ ಮೊದಲ ಮತ್ತು ಕಡೆಯ ಪಟ. ಮುಂದೆ 1993ರಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಮತದಾರರಿಗೆ ಭಾವಚಿತ್ರದ ಗುರುತಿನ ಚೀಟಿ ಕೊಡುವ ಆದೇಶ ಬಂತು. ಊರ ಶಾಲೆಯ ಜಗಲಿಯಲ್ಲಿ ಸಾಲು ನಿಂತು, ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತ ಎಷ್ಟೋ ಅಜ್ಜಿಯರಿಗೆ ಅದೇ ಮೊದಲ ಫೋಟೊ. ಅವರು ಹೋದ ಮೇಲೆ ಮಕ್ಕಳು ಆ ಉಗುರಗಲದ ಮುಖವನ್ನೇ ದೊಡ್ಡದು ಮಾಡಿಸಿ, ಹಿಂದೆ ನೀಲಿ ಬಣ್ಣ ತುಂಬಿಸಿ, ಗೋಡೆಗೆ ಹಾಕಿದರು. ಗುರುತಿನ ಚೀಟಿಗೆಂದು ತೆಗೆದ ಮುಖಕ್ಕೆ ಇಂದು ಪ್ರತಿ ಪಕ್ಷಮಾಸದಲ್ಲಿ ಎಡೆ ಇಡುತ್ತಾರೆ.

ಪುಟ್ಟ ಪಟವನ್ನು ಸೋದರತ್ತೆಗೆ ತೋರಿಸಲು ಗುಬ್ಬಿಗೆ ಹೋದೆ. ಅವರಿಗೆ ಎಂಬತ್ತರ ಹತ್ತಿರ. ಕನ್ನಡಕ ಏರಿಸಿ, ಪಟವನ್ನು ಬೆಳಕಿಗೆ ಹಿಡಿದರು. ಅಪ್ಪನ ಮುಖ, ಅಮ್ಮನ ಮುಖ ನೋಡುತ್ತಾರೆಂದು ನಾನು ಕಾಯುತ್ತಿದ್ದೆ. ಅವರ ಬೆರಳು ನೇರ ಬಲ ಅಂಚಿಗೆ ಹೋಯಿತು.

“ಇದು ನನ್ ಕೈ ಕಣಪ್ಪ.”

ದುಪ್ಪಟಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರಂತೆ. ಇನ್ನೊಂದು ತುದಿ ಕಟ್ಟಲು ಏನೂ ಇರಲಿಲ್ಲ. ಹತ್ತು ವರ್ಷದ ಹುಡುಗಿ ಒರಳಿನ ಮೇಲೆ ಹತ್ತಿ ನಿಂತು ಹಿಡಿದುಕೊಂಡಳು. “ಗಾಳಿ ಬೀಸ್ತಿತ್ತು. ಅಳ್ಳಾಡಿಸ್ಬ್ಯಾಡ ಅಂತ ನಮ್ಮಪ್ಪ ಗದರಿದ್ರು. ತೋಳು ಬಿದ್ದೋಗೋ ಹಂಗಾಗಿತ್ತು. ಅವತ್ತು ನಂಗೂ ಹೊಸ ಲಂಗ ಹೊಲಿಸಿದ್ರು, ಹಸಿರುದ್ದು.” ಕೋಳಿಯನ್ನೂ ಗುರುತಿಸಿದರು. ಆ ಕೋಳಿ ಗಣಪನ ಹಬ್ಬ ಮುಗಿದ ಮೇಲೆ ಏನಾಯಿತೆಂದೂ ಹೇಳಿದರು. ಆಮೇಲೆ ಬೀಸುವ ಕಲ್ಲಿನ ಮೇಲೆ ಬೆರಳಿಟ್ಟು, ಬೆಳಗಿನ ಜಾವ ಅವರೂ ಅಜ್ಜಿಯೂ ಎದುರು ಬದುರು ಕೂತು ರಾಗಿ ಬೀಸುತ್ತಿದ್ದದ್ದು, ಹಿಟ್ಟಿನ ಬಿಸಿ ವಾಸನೆ, ನಿದ್ದೆಗಣ್ಣಿನಲ್ಲಿ ಗೂಟ ಕೈತಪ್ಪಿದಾಗ ಅಜ್ಜಿ ಬೈಯದೆ ತಾವೊಬ್ಬರೇ ತಿರುಗಿಸುತ್ತಿದ್ದದ್ದು, ಎಲ್ಲ ಹೇಳಿದರು. ಸಂಜೆಯಾಯಿತು. ಕುರ್ಚಿಯ ಮೇಲೆ ಕೂತವರ ಬಗ್ಗೆ ಒಂದು ಮಾತೂ ಬಂದಿರಲಿಲ್ಲ.

ಮರುವಾರ ಆ ಪಟವನ್ನು ದೊಡ್ಡದು ಮಾಡಿಸಲು ತುಮಕೂರಿನ ಅಂಗಡಿಯೊಂದಕ್ಕೆ ಕೊಟ್ಟೆ. ಅಲ್ಲಿನ ಹುಡುಗ ಒಳ್ಳೆಯ ಕೆಲಸಗಾರ. ಸ್ಕ್ಯಾನ್ ಮಾಡಿ, ಗೀರು, ಕಲೆ ಎಲ್ಲ ಕಂಪ್ಯೂಟರಿನಲ್ಲಿ ಅಳಿಸಿದ. ಅಜ್ಜಿಯ ಮುಖದ ಸುಕ್ಕು ಅಳಿಸಬೇಡ ಎಂದೆ, ಬಿಟ್ಟ. ಕೊನೆಗೆ ಪರದೆಯ ಮೇಲೆ ಬಲ ಅಂಚನ್ನು ದೊಡ್ಡದು ಮಾಡಿ ತೋರಿಸಿದ.

“ಸಾರ್, ಇಲ್ಲೊಂದು ಕೈ ಬಂದಿದೆ. ತೆಗೆದುಬಿಡ್ಲಾ?”

“ಬೇಡ,” ಎಂದೆ. “ಅವರು ನಮ್ಮ ಸೋದರತ್ತೆ.”